ಎಡಗಡೆ ನಟ್ಟು

ಮೂರು ದಿನ
ಬಿಚ್ಚಾಕತ್ತೇನಿ ಅಂತ ತಿಳಕೊಂಡು ಬಿಗೀತಿದ್ದೆ.
ನಾಕು ಫೂಟಿನ ಪೈಪು ಪಾನಾಕ್ಕ ಸಿಗಿಸಿ
ಅದರ ಮ್ಯಾಲ ನನ್ನ ಎಂಬತ್ತೆರಡು ಕಿಲೋ ನಿಲ್ಲಿಸಿ.
ನಟ್ಟು ಎಳ್ಳಷ್ಟು ಅಲುಗಲಿಲ್ಲ.

ದಾವಲಸಾಬರು ಬಂದ್ರು, ಬೀಡಿ ಆರಿಸಿದ್ರು.
'ಫಾರ್ಗೋ ರೀ ಇದು. ಎಡಗಡೆ ಗಾಲಿ ಉಲ್ಟಾ ಥ್ರೆಡ್ಡು.
ಬಿಗಿ ಮಾಡೂ ದಿಕ್ಕಿಗೆ ತಿರುವ್ರಿ, ಬಿಚ್ಚತೈತಿ.'
ತಿರುವಿದೆ. ಕಿರ್ ಅಂತು.
ಐವತ್ತೆರಡು ವರ್ಷದವಗ ಎಡ ಬಲ
ಅವತ್ತ ಹೊಸದಾಗಿ ಗೊತ್ತಾತು.

ನನ್ನ ಕೆಲಸ ಹಲ್ಲು ಕಟ್ಟೂದು.
ದುರ್ಗದಬೈಲಿನ ಹಿಂದ, ಮಾಳಿಗಿ ಮ್ಯಾಲ, ಸಣ್ಣ ಲ್ಯಾಬು;
ಡಾಕ್ಟರು ಅಳತಿ ಕಳಸ್ತಾರ, ನಾ ಮೇಣದಾಗ ದವಡಿ ತಿದ್ದತೇನಿ.
ಕೂದಲೆಳಿಯಷ್ಟು ಎತ್ತರಾದ್ರೂ ಮಂದಿ ಬೈತಾರ.
ಅಂಥಾ ಕೈಗೆ ಇಷ್ಟು ಕಬ್ಬಿಣದ ಆಸೆ ಯಾಕ ಹುಟ್ಟಿತು
ಕೇಳಬ್ಯಾಡ್ರಿ. ಶಶಿರೇಖಾ ಕೇಳಿದ್ಲು:
'ಏನ ಹೇರತೀರಿ ಅದರಾಗ?'
ಏನೂ ಇಲ್ಲ ಅಂದೆ.
'ಏನೂ ಇಲ್ಲದ್ದನ್ನ ಹೇರಾಕ ಅಷ್ಟು ದೊಡ್ಡದು ಬೇಕೇನು?'
ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದ್ಲು.

ದಾವಲಸಾಬರಿಗೆ ಹವ್ಯಾಸ ಅಂದ್ರ ತಿಳೀಲಿಲ್ಲ.
'ಹುಚ್ಚು ಅನ್ರಿ, ಲಗೂನ ತಿಳಿತೈತಿ.'
ಪಗಾರ ಬ್ಯಾಡ ಅಂದ್ರು. ಬಾಯಿ ತೆರೆದು ತೋರಿಸಿದ್ರು:
ಮ್ಯಾಲ ಎರಡು, ಕೆಳಗ ಒಂದು.
'ಈ ಮೂರು ಮಾತ್ರ ಕೀಳಬ್ಯಾಡ್ರಿ. ಕೆಲಸದವು.'
ಒಪ್ಪಂದ ಆತು. ಅವರ ವಿದ್ಯಾ, ನನ್ನ ಹಲ್ಲು.

ಬ್ಯಾಡಗಿ ಮೆಣಸಿನಕಾಯಿ ಹೊತ್ತ ಲಾರಿ.
ಹಲಗಿ ಸಂದ್ಯಾಗ ಬೀಜ ಇನ್ನೂ ಅದಾವ,
ಬಣ್ಣ ಹೋಗಿ ಹೊಟ್ಟಿನಂಗ ಆಗ್ಯಾವ.
ಗಬ್ಬೂರ ಕ್ರಾಸಿನ ಶೆಡ್ಡಿನಾಗ ಬ್ರಷ್ ಆಡಿಸಿದ ಕೂಡ್ಲೆ
ಇಬ್ಬರೂ ಸೀನಿದಿವಿ,
ಪಕ್ಕದ ವೆಲ್ಡಿಂಗ್ ಹುಡುಗ ಸೀನಿದ,
ಅವನ ನಾಯಿ ಸೀನಿತು.

ಬಾಗಿಲದ ಒಳಗಿನ ತಗಡು. ಮೂರು ಬಣ್ಣ ಕೆರೆದ ಮ್ಯಾಲ
ಮೊಳಿಯಿಂದ ಗೀರಿದ ಲೆಕ್ಕ:
ಬಂಕಾಪುರ ನಲವತ್ತು. ಶಿಗ್ಗಾವಿ ಹನ್ನೆರಡು.
ಕೆಳಗ, ಸಿಟ್ಟಿನ ಅಕ್ಷರದಾಗ, ಉಳಿದದ್ದು ಕೊಟ್ಟಿಲ್ಲ.
ಯಾರು, ಯಾರಿಗೆ, ರೊಕ್ಕೋ ಚೀಲೋ.
ಪುಟ್ಟಿ ಹಚ್ಚೂ ಹುಡುಗ ಕೈ ಚಾಚಿದ.
ಅಷ್ಟು ಜಾಗ ಬಿಡು ಅಂದೆ.

ಗೇರ್‌ಬಾಕ್ಸು ಬಿಚ್ಚಿದ ದಿನ ಮಾತ್ರ ನಾ ಶಾಣ್ಯಾ.
ಹಲ್ಲು! ನೋಡಿದ ಕೂಡ್ಲೆ ಹೇಳಿದೆ,
ಎರಡನೇದು ತಪ್ಪು ಕಚ್ಚಾಕತ್ತೈತಿ, ಒಂದ ಮಗ್ಗಲ ಸವದೈತಿ,
ಇದು ನಿದ್ದಿಯೊಳಗ ಹಲ್ಲು ಕಡಿಯವರ ಬಾಯಿ.
ದಾವಲಸಾಬರು ಮೊದಲ ಸಲ ನನ್ನ ಮಾರಿ ನೋಡಿದ್ರು.
ಮರುದಿನ ಒಂದು ಸ್ಟಡ್ ಮುರಿದೆ.
ಕೊರೆದು ತೆಗಿಯಾಕ ಒಂಬತ್ತು ದಿನ.

ನಿನ್ನೆ ಸಂಜೀಕ ಹ್ಯಾಂಡಲ್ ಹೊಡೆದಿವಿ.
ಆರನೇ ಸಲಕ್ಕ ಕೆಮ್ಮಿತು, ಹತ್ತಕ್ಕ ಹಿಡೀತು.
ಒಳಗ ಎಲ್ಲೋ ಟಕ್ ಟಕ್.
ದಾವಲಸಾಬರು ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಇಟ್ಟು
ಹಿಡಿಕಿ ಹಲ್ಲಾಗ ಕಚ್ಚಿದ್ರು.
ಅವರ ಉಸ್ತಾದ ಕಲಿಸಿದ್ದು ಹಂಗ, ಎಲುವಿನಾಗ ಕೇಳೂದು.
ಮಾರಿ ಸಣ್ಣದಾತು.
'ಏನೂ ಕೇಳವಲ್ದು ರೀ.'
ನನ್ನ ಹಲ್ಲು ಅವು. ಬೆಳ್ಳಗ ಅದಾವ, ಚಂದ ಕುಂತಾವ,
ಕಿವುಡು.

ತೆಗೆದ್ರು. ಅಂಗಿ ಕಿಸೇದಾಗ ಇಟ್ರು.
ಉಳಿದ ಮೂರರಾಗ ಹಿಡಿಕಿ ಸಿಗಿಸಿ ಕಣ್ಣು ಮುಚ್ಚಿದ್ರು.
'ಮೂರನೇದು. ವಾಲ್ವು.'
ನನಗೂ ಕೊಟ್ರು. ಕಚ್ಚಿದೆ.
ಗ್ರೀಸಿನ ರುಚಿ. ತಲಿಬುರುಡಿ ತುಂಬ ಒಂದು ಗಿರಣಿ.
ಅದರಾಗ ಮೂರನೇದು ಯಾವುದು, ತಿಳೀಲಿಲ್ಲ.
ತಿಳೀತು ಅಂದೆ.
ಸುಳ್ಳು ಅಂತ ಅವರಿಗೆ ಗೊತ್ತಾತು.

ಇಂಜಿನ್ ತಾನ ಬಂದ್ ಆತು.
ಗಾಲಿಗಿ ಆನಿಕೊಂಡು ಕುಂತಿವಿ.
'ನಾಳೆ ಮತ್ತ ಕೇಳ್ರಿ' ಅಂದು
ಬೀಡಿಗಂತ ಕಿಸೇಕ್ಕ ಕೈ ಹಾಕಿದ್ರು.
ನಾ ಮಾಡಿದ ಹಲ್ಲು ಬಂದ್ವು.